ಸಂಗೀತವೇ ಅಲ್ಲ, ಇನ್ನೊಂದು ಸಲ ಹಾಕು!

ನಮ್ಮ ದೊಡ್ಡತ್ತೆ ಎಲ್ಲರ ಹಾಗೆ ಕಾಶಿಯಲ್ಲಿ ಹಾಗಲಕಾಯಿಯನ್ನೋ ಹೀರೇಕಾಯಿಯನ್ನೋ ಬಿಟ್ಟಿದ್ದರೆ ನಮ್ಮ ಮನೆಯಲ್ಲಿ ಇಷ್ಟೆಲ್ಲ ಗಲಾಟೆ ಆಗುತ್ತಲೇ ಇರಲಿಲ್ಲ! ಅವರು ತರಕಾರಿ ಬಿಡಲಿಲ್ಲ, ಹಣ್ಣು ಬಿಡಲಿಲ್ಲ, ಸಂಗೀತ ಬಿಟ್ಟರು. ಬಿಟ್ಟ ಮೇಲೆ ಸುಮ್ಮನಿದ್ದರೇ? ದೇಶಕ್ಕೆಲ್ಲ ಹೆಸರಾದ ಒಬ್ಬ ಹಾಡುಗಾರನ ಮೇಲೆ ಒಂದು ವರ್ಷ ಯುದ್ಧ ಮಾಡಿದರು. ಆ ಹಾಡುಗಾರನಿಗೆ ಈ ಸಂಗತಿ ಇವತ್ತಿಗೂ ಗೊತ್ತಿಲ್ಲ. ಅವನ ಪುಣ್ಯ!

ಕಾಶಿಗೆ ಬಂದವರು ಗಂಗೆಯ ಮುಂದೆ ನಿಂತು ತಮಗೆ ಇಷ್ಟವಾದದ್ದೊಂದನ್ನು ಬಿಡಬೇಕು, ಬಿಟ್ಟದ್ದನ್ನು ಮತ್ತೆ ಮುಟ್ಟಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯವರು ಇಲ್ಲಿ ಒಂದು ಮಠದ ಯಾತ್ರಿನಿವಾಸ ನೋಡಿಕೊಳ್ಳುವುದರಿಂದ ಯಾರು ಯಾರು ಏನೇನು ಬಿಟ್ಟರು ಎನ್ನುವ ವರದಿ ನನಗೆ ಊಟದ ಹೊತ್ತಿಗೆ ಬರುತ್ತದೆ. ಅಬ್ಬಬ್ಬಾ, ನಮ್ಮ ಜನರ ಬುದ್ಧಿಯೇ! ಹತ್ತು ಜನರಲ್ಲಿ ಎಂಟು ಜನ ಬಿಡುವುದು ಹಾಗಲಕಾಯಿ. ನಮ್ಮ ಮನೆಯವರು ಬಿಟ್ಟದ್ದು ಮೂಲಂಗಿ. ಮದುವೆಯಾದಂದಿನಿಂದ ಅವರು ಮೂಲಂಗಿ ತಿಂದದ್ದನ್ನು ನಾನು ಕಂಡಿಲ್ಲ! ನಾನೇನು ಕಡಿಮೆ? ಹಲಸಿನ ಹಣ್ಣು ಬಿಟ್ಟೆ. ಇಷ್ಟವೇನೋ ಪ್ರಾಣದಷ್ಟು ಇಷ್ಟ. ಆದರೆ ಇಲ್ಲಿಯವರು ಹಲಸನ್ನು ಕಾಯಿಯಲ್ಲೇ ಕೊಯ್ದು ಪಲ್ಯ ಮಾಡಿ ಮುಗಿಸುತ್ತಾರೆ, ಅದು ಹಣ್ಣಾಗುವವರೆಗೆ ಬಿಟ್ಟರಲ್ಲವೇ ನನ್ನ ವ್ರತಕ್ಕೆ ಪರೀಕ್ಷೆ! ಕಾಣುವುದೇ ಇಲ್ಲ, ಹಾಗಾಗಿ ಬಯಕೆಯೂ ಇಲ್ಲ. ವಿಶ್ವನಾಥ ಇಂಥ ಸಣ್ಣ ಸಣ್ಣ ಉಪಕಾರಗಳನ್ನು ನನಗೆ ಮಾಡುತ್ತಲೇ ಇರುತ್ತಾನೆ.

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ನಂಜನಗೂಡಿನ ಕಡೆಯವರು. ಹನ್ನೊಂದು ವರ್ಷದ ಹಿಂದೆ ಗಂಡನ ಅಸ್ಥಿ ಬಿಡಲು ಬಂದು, ಶಿವಾಲದ ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದು ಹೋಗುತ್ತೇನೆ ಎಂದರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ! ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಉಳಿದವರು, ಎಪ್ಪತ್ತನಾಲ್ಕರಲ್ಲೂ ನಮ್ಮ ಮೂರು ಮಹಡಿಯ ಮೆಟ್ಟಿಲನ್ನು ನನಗಿಂತ ಮುಂಚೆ ಹತ್ತಿ, ಮೇಲೆ ನಿಂತು, "ಬಂದ್ಯೇನೇ? ನಿಧಾನಕ್ಕೆ ಬಾ, ವಯಸ್ಸಾಯ್ತು ನಿನಗೆ," ಎನ್ನುತ್ತಾರೆ.

ಊರಿನಲ್ಲಿ ಅವರ ಹಾಡಿಲ್ಲದೆ ಯಾರೂ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಿರಲಿಲ್ಲವಂತೆ. ಚಿಕ್ಕಂದಿನಲ್ಲಿ ಒಬ್ಬ ಪಿಟೀಲು ಮೇಷ್ಟ್ರಿಂದ ಒಂಬತ್ತು ವರ್ಷ ಪಾಠವಾಗಿತ್ತು. ಬೆಳಿಗ್ಗೆ ಎದ್ದರೆ ಹಾಡು, ಅಕ್ಕಿ ಆರಿಸಿದರೆ ಹಾಡು. ಅಂಥವರು ಅವತ್ತು ಘಾಟಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಾಗ ಪುರೋಹಿತರು ಕೇಳಿದರು, "ಏನು ಬಿಡುತ್ತೀರಿ ತಾಯಿ?"

"ಸಂಗೀತ."

ಪುರೋಹಿತರು ಆಂಧ್ರದವರು, ಯಾತ್ರಿಕರಿಂದ ಕಲಿತ ಕನ್ನಡ. ಅವರು ಯೋಚನೆಗೆ ಬಿದ್ದರು. "ಸಂಗೀತವಾ? ಅದು ಪಲ್ಯ ಮಾಡೋದಾ, ಹುಳಿಗೆ ಹಾಕೋದಾ?"

ನಮ್ಮ ಮನೆಯವರು ದಡದಿಂದ ಕೂಗಿದರು: "ದೊಡ್ಡತ್ತೆ, ಬೇಡಿ! ಹಾಗಲಕಾಯಿ ಅನ್ನಿ, ಹಾಗಲಕಾಯಿ!"

"ಸುಮ್ನಿರೋ! ನಮಗೆ ಬೇಡದ್ದನ್ನು ತಗೊಳ್ಳೋದಕ್ಕೆ ಗಂಗಮ್ಮ ಏನು ಹಳೇ ಬಟ್ಟೆಗೆ ಪಾತ್ರೆ ಕೊಡೋಳೇನೋ?" ಎಂದವರೇ ಮೂರು ಮುಳುಗು ಹಾಕಿ ಎದ್ದರು. ಅಲ್ಲಿಗೆ ಹಾಡುವುದೂ ಇಲ್ಲ, ಕೇಳುವುದೂ ಇಲ್ಲ.

ಹಾಡುವುದನ್ನು ಬಿಡಬಹುದು, ಬಾಯಿ ನಮ್ಮದು. ಕೇಳುವುದನ್ನು ಬಿಡುವುದು ಹೇಗೆ? ಅದೂ ಈ ಊರಿನಲ್ಲಿ! ಹಿಂದಿನ ಮನೆಯಲ್ಲಿ ಸಿತಾರ್ ಕಲಿಯುವವರು, ಮುಂದಿನ ಮನೆಯಲ್ಲಿ ತಬಲಾ ಕಲಿಯುವವರು, ಮೇಲೆ ತಾರಸಿಯಲ್ಲಿ ಗಾಳಿಪಟ ಹಾರಿಸುವವರ ಸ್ಪೀಕರು. ದೊಡ್ಡತ್ತೆ ಕುಂಕುಮದ ಖಾಲಿ ಭರಣಿಯೊಂದರಲ್ಲಿ ಎರಡು ಹತ್ತಿಯುಂಡೆ ಇಟ್ಟುಕೊಂಡರು. ಎಲ್ಲಾದರೂ ಸ್ವರ ಕೇಳಿಸಿತೋ, ಉಂಡೆ ಕಿವಿಗೆ! ಜೊತೆಗೆ ತಮ್ಮದೇ ಒಂದು ಕಾಯಿದೆ ಪುಸ್ತಕವನ್ನು ಮನಸ್ಸಿನಲ್ಲೇ ಬರೆದುಕೊಂಡರು. ದೇವಸ್ಥಾನದ ಗಂಟೆ ಸಂಗೀತವಲ್ಲ, ಅದು ಕರೆ. ಆರತಿಯ ಹಾಡು ಸಂಗೀತವಲ್ಲ, ಸೇವೆ. ಮದುವೆ ಬ್ಯಾಂಡು? "ಅದು ಸಂಗೀತ ಅಂತ ಹೇಳೋರ ನಾಲಿಗೆ ಬಿದ್ದುಹೋಗ!" ಎಂದರು. ಕೇದಾರೇಶ್ವರನ ಗುಡಿಯ ಕೆಳಗೆ ಕೊಳಲು ಮಾರುವವನು ಊದಿದರೆ ಮಾತ್ರ ಬಹಳ ಹೊತ್ತು ನಿಂತು, ಹತ್ತಿ ಹಾಕಲೋ ಬೇಡವೋ ಎಂದು ವಿಚಾರಣೆ ನಡೆಸುತ್ತಿದ್ದರು. ಅವನು ಅಪಸ್ವರ ನುಡಿಸಿದ ದಿನ ಹಾಕುತ್ತಿರಲಿಲ್ಲ.

ಈ ಹತ್ತಿಯಿಂದ ನಾವು ಪಟ್ಟ ಪಾಡು ಒಂದೆರಡಲ್ಲ. ಸೋನಾರ್‌ಪುರದಲ್ಲಿ ಒಬ್ಬ ತರಕಾರಿಯವನಿದ್ದಾನೆ, ಅವನು ಕೂಗುವುದೇ ರಾಗವಾಗಿ. ದೊಡ್ಡತ್ತೆ ಅವನ ಗಾಡಿಯ ಹತ್ತಿರ ಬಂದೊಡನೆ ಹತ್ತಿ ತುರುಕಿಕೊಂಡು ಒಂದು ಸೋರೆಕಾಯಿಯತ್ತ ಕೈತೋರಿಸಿದರು. ಅವನು ಸಾಕೇ ಎಂದು ಕೇಳಿದ, ಇವರು ತಲೆಯಾಡಿಸಿದರು. ಇನ್ನೂ ಬೇಕೇ ಎಂದ, ತಲೆಯಾಡಿಸಿದರು. ಕೊನೆಗೆ ಎರಡೂ ಕಂಕುಳಲ್ಲಿ ಸೋರೆಕಾಯಿ ಹಿಡಿದು ವೀಣೆ ಅಂಗಡಿಯಿಂದ ಬಂದವರ ಹಾಗೆ ಬಂದರು. ಆ ವಾರ ನಾವು ಸೋರೆಕಾಯಿ ದೋಸೆಯನ್ನೂ ತಿಂದೆವು!

ಹೀಗೆ ಹತ್ತು ವರ್ಷ ಕಳೆಯಿತು. ಆಮೇಲೆ ಬಂದ, ಕಪ್ಪು ಕನ್ನಡಕದವನು.

ಅವನ ಹೆಸರು ನಿಮಗೆಲ್ಲ ಗೊತ್ತಿರುತ್ತದೆ, ನಾನು ಹೇಳುವುದಿಲ್ಲ. ಕೂದಲಿಗೆ ಒಂದು ಕಡೆ ಅರಿಸಿನದ ಬಣ್ಣ, ಕತ್ತಲಲ್ಲೂ ಕಪ್ಪು ಕನ್ನಡಕ, ಮೈಮೇಲೆ ಕನ್ನಡಿ ಚೂರು ಹೊಲಿದ ಕೋಟು. ಹಿಂದಿಯಲ್ಲಿ ಹಾಡುತ್ತಾನೆ. ಆಟೋದವರು, ದೋಣಿಯವರು, ಕಾಲೇಜಿನವರು, ಎಲ್ಲರ ಬಾಯಲ್ಲೂ ಅವನೇ. ನನ್ನ ಮಗಳು ಅನ್ನು, ಪೂರ್ತಿ ಹೆಸರು ಅನ್ನಪೂರ್ಣಾ, ಹದಿನೈದು ವರ್ಷ, ಅವನ ಪರಮಭಕ್ತೆ. ಅವಳ ಪುಸ್ತಕದ ಮೇಲೆ ಅವನು, ನೀರಿನ ಬಾಟಲಿಯ ಮೇಲೆ ಅವನು. ದೇವರಮನೆಯ ಗೋಡೆಗೊಂದು ಅಂಟಿಸಿದ್ದಳು, ನಾನು ಕಿತ್ತು ಬಚ್ಚಲಿನ ಬಾಗಿಲಿಗೆ ಹಾಕಿದೆ.

ಕಳೆದ ವರ್ಷ ಒಂದು ದಿನ ಅವಳು ಮರೆತು ಅವನ ಹಾಡನ್ನು ಫೋನಿನಲ್ಲಿ ಜೋರಾಗಿ ಹಾಕಿಬಿಟ್ಟಳು. ದೊಡ್ಡತ್ತೆ ಭರಣಿ ಹಿಡಿದು ಒಳಗಿನಿಂದ ಬಂದರು. ನಾನು, "ಅಯ್ಯೋ ಆರಿಸೇ, ಅಜ್ಜಿ ಬಂದರು!" ಎನ್ನುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು. ತಲೆ ಒಂದು ಕಡೆಗೆ ವಾಲಿಸಿ ಹಾಡು ಮುಗಿಯುವವರೆಗೆ ನಿಂತರು. ಆಮೇಲೆ ಹತ್ತಿಯನ್ನು ಭರಣಿಗೆ ವಾಪಸು ಹಾಕಿ ಮುಚ್ಚಳ ತಿರುಗಿಸಿ ಹೇಳಿದರು:

"ಇದು ಸಂಗೀತವೇ ಅಲ್ಲ. ಧಾರಾಳವಾಗಿ ಹಾಕ್ಕೋ."

ಅನ್ನುಗೆ ಮೈಯೆಲ್ಲ ಉರಿಯಿತು. "ಅಜ್ಜಿ! ಏ ಇಂಡಿಯಾ ಕಾ ಸಬ್‌ಸೇ ಬಡಾ ಸಿಂಗರ್ ಹೈ! ಆಪ್‌ಕೋ ಕುಛ್ ಪತಾ ನಹೀ!"

"ಕನ್ನಡದಲ್ಲಿ ಬೈಯಿ. ಹಿಂದೀಲಿ ಬೈದರೆ ನನಗೆ ತಾಕೋದಿಲ್ಲ."

ನಿಮಗೊಂದು ಮಾತು ಹೇಳಬೇಕು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನ್ನ ಮಗಳಿಗೆ ಅಲ್ಲಿಯವರೆಗೆ ಬರುತ್ತಿದ್ದ ಕನ್ನಡ ಎಷ್ಟು? ಅನ್ನ, ನೀರು, ಬೇಡ, ಬಂದೆ. ಇಷ್ಟೇ! ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಬುದ್ಧಿ ಹೇಳಿ, ಬೇಡಿಕೊಂಡು, ಹರಕೆ ಹೊತ್ತು ಸಾಕಾಗಿದ್ದೆ. ಅವತ್ತು ನೋಡಿ, ತನ್ನ ಹಾಡುಗಾರನ ಮಾನ ಉಳಿಸಲು ಹುಡುಗಿ ಸೊಂಟಕ್ಕೆ ಕೈಯಿಟ್ಟು, ಮುಖ ಕೆಂಪಗೆ ಮಾಡಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಒಂದು ಉದ್ದ ಕನ್ನಡ ವಾಕ್ಯ ಹೇಳಿದಳು:

"ನೀನು... ನಿನಗೆ... ಅವನ ಹಾಡು ಸಮಝ್ ಆಗಲ್ಲ, ಯಾಕೆಂದರೆ ನಿನ್ನ ಕಿವಿ ಪುರಾನಾ ಇದೆ!"

"ಪುರಾನಾ ಅಲ್ಲ, ಹಳೇದು. ಕಿವಿ ಹಳೇದಾಗಿದೆ ಅನ್ನು. ಹಾಂ, ಈಗ ಬೈಯಿ."

"ನಿನ್ನ ಕಿವಿ ಹಳೇದಾಗಿದೆ!"

"ಭೇಷ್! ಈಗ ತಾಕ್ತು."

ಅಲ್ಲಿಂದ ಶುರುವಾಯಿತು ನೋಡಿ! ದಿನಾ ಸಂಜೆ ಐದಕ್ಕೆ ಸರಿಯಾಗಿ, ಅವಳು ಶಾಲೆಯಿಂದ ಬಂದು ಅವಲಕ್ಕಿ ತಿಂದ ಮೇಲೆ, ಕಿಟಕಿಯ ಕೆಳಗಿನ ಮಂಚದಲ್ಲಿ ಇಬ್ಬರೂ ಎದುರು ಬದುರು. ವಿಷಯ ಒಂದೇ: ಕಪ್ಪು ಕನ್ನಡಕದವನಿಗೆ ಸಿಗುತ್ತಿರುವ ಹೊಗಳಿಕೆಗೆ ಅವನು ಯೋಗ್ಯನೋ ಅಲ್ಲವೋ?

"ಕೋಟಿ ಜನ ಕೇಳ್ತಾರೆ ಅಜ್ಜಿ. ಕೋಟಿ!"

"ಸೋನಾರ್‌ಪುರದ ಹಾರನ್ನು ಎಷ್ಟು ಜನ ಕೇಳ್ತಾರೆ? ಅದಕ್ಕೂ ಬಹುಮಾನ ಕೊಡಿ."

"ಅವನ ಗಂಟು ಎಷ್ಟು ಚೆನ್ನಾಗಿದೆ ಗೊತ್ತಾ?"

"ಗಂಟು ಚೆನ್ನಾಗಿರದೆ ಏನು, ಊರೂರಲ್ಲಿ ಟಿಕೆಟ್ ಮಾರ್ತಾನಂತಲ್ಲ! ಅದು ಗಂಟಲು ಕಣೇ, ಗಂಟಲು. ಅವನಿಗೆ ಗಂಟಿದೆ, ಗಂಟಲಿಲ್ಲ."

ನಾನು ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಗುತ್ತಿದ್ದೆ. ಅನ್ನು ಅಳುವಂತಾಗಿ, ಮರುದಿನ ಇನ್ನಷ್ಟು ಕನ್ನಡ ಸೇರಿಸಿಕೊಂಡು ಬರುತ್ತಿದ್ದಳು. "ಅಮ್ಮಾ, ಇಮೋಷನ್‌ಗೆ ಏನಂತಾರೆ?" "ಅಮ್ಮಾ, ನಾಚಿಕೆಗೆಟ್ಟವರು ಅಂತ ಅಜ್ಜಿಗೆ ಹೇಳಬಹುದಾ?" ಹೇಳಬಾರದು ಎಂದೆ. ಆದರೆ ಕೇಳಿದ್ದಕ್ಕೆ ಸಂತೋಷವಾಯಿತು!

ಇನ್ನು ದೊಡ್ಡತ್ತೆಯ ನ್ಯಾಯ ಕೇಳಿ. ಪ್ರತಿ ವಾದಕ್ಕೂ ಮುಂಚೆ ಅವರು ಹಾಡನ್ನು ಒಂದು ಸಲ ಪೂರ್ತಿ ಕೇಳಲೇಬೇಕು. "ಕೇಳದೆ ಬೈಯೋದು ಪಾಪ ಕಣೇ." ವಾದ ಮುಗಿದ ಮೇಲೆ ಮತ್ತೊಂದು ಸಲ. "ಬೈದದ್ದು ಸರಿಯಾಯ್ತಾ ಅಂತ ನೋಡಬೇಡವೇ?" ನಡುವೆ ಸಂದೇಹ ಬಂದರೆ ಇನ್ನೊಂದು ಸಲ. "ಸಂಗೀತವೇ ಅಲ್ಲ, ಇನ್ನೊಂದು ಸಲ ಹಾಕು!" ಈ ಮಾತು ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿತೋ ಲೆಕ್ಕವಿಲ್ಲ. ಅವನನ್ನು ಹೊಗಳುವವರೂ ಅಷ್ಟು ಸಲ ಕೇಳಿರಲಾರರು!

ಒಂದು ಸೋಮವಾರ ವಿಶ್ವನಾಥನ ದರ್ಶನಕ್ಕೆ ಹೊರಟೆವು, ನಾನೂ ಅವರೂ. ಸೋನಾರ್‌ಪುರದ ರಸ್ತೆಯಲ್ಲಿ ಬ್ಯಾಟರಿ ರಿಕ್ಷಾ ಸಿಕ್ಕಿತು, ಹತ್ತಿ ಕೂತೆವು. ಪಾಪ, ಡ್ರೈವರು ವಯಸ್ಸಾದವನು, ಹಳೆಯ ಕಾಲದ ಒಂದು ಇಂಪಾದ ಸಿನಿಮಾ ಹಾಡು ಸಣ್ಣಗೆ ಹಾಕಿಕೊಂಡಿದ್ದ. ದೊಡ್ಡತ್ತೆಗೆ ಮುಳ್ಳು ಚುಚ್ಚಿದಂತಾಯಿತು. "ಇಳಿಯೇ, ಇಳಿಯೇ! ಇದು ಸಂಗೀತ!" ಎಂದು ನನ್ನನ್ನು ತಳ್ಳಿಕೊಂಡೇ ಇಳಿದರು. ಎರಡನೆಯ ರಿಕ್ಷಾದಲ್ಲಿ ಭಜನೆ, ಅದೂ ಬೇಡವಾಯಿತು. ಮೂರನೆಯದು ಬರುವಾಗಲೇ ರಸ್ತೆ ನಡುಗುತ್ತಿತ್ತು. ಕಪ್ಪು ಕನ್ನಡಕದವನು! ದೊಡ್ಡತ್ತೆ ರಸ್ತೆಯ ಮಧ್ಯಕ್ಕೇ ಹೋಗಿ ಕೈ ಅಡ್ಡ ಹಿಡಿದರು.

"ಕಾ ಅಮ್ಮಾ, ಕಹಾಂ ಜಾಯೇಕೆ ಬಾ?" ಎಲ್ಲಿಗೆ ಎಂದು ಡ್ರೈವರು ಕೇಳಿದ.

"ಮಂದಿರ್. ವಾಲ್ಯೂಮ್ ಜಾಸ್ತಿ ಕರೋ!"

ಡ್ರೈವರಿಗೆ ಬಹಳ ಖುಷಿಯಾಯಿತು. "ಪಸಂದ್ ಹೈ ಅಮ್ಮಾ?"

"ನಹೀ! ಬಹುತ್ ಖರಾಬ್ ಹೈ! ಪೂರಾ ಸುನಾವ್!"

ದೇವಸ್ಥಾನಕ್ಕೆ ಹೋಗುವ ತಿರುವು ಬಂತು. ಹಾಡು ಮುಗಿದಿರಲಿಲ್ಲ. ದೊಡ್ಡತ್ತೆ ಇಳಿಯಲಿಲ್ಲ. ತಿರುವು ದಾಟಿ ಅರ್ಧ ಮೈಲಿ ಹೋದ ಮೇಲೆ ಹಾಡು ಮುಗಿಯಿತು, ಅಲ್ಲಿಂದ ನಾವು ಬಿಸಿಲಿನಲ್ಲಿ ನಡೆದು ವಾಪಸು ಬಂದೆವು. ದಾರಿಯುದ್ದಕ್ಕೂ ಅವರು, "ಥೂ, ಏನು ಕೆಟ್ಟದಾಗಿ ಹಾಡ್ತಾನೆ!" ಎಂದು ಬೈದರು. ಅವರ ಹೆಜ್ಜೆ ಮಾತ್ರ ಆ ಹಾಡಿನ ತಾಳಕ್ಕೆ ನಾಲ್ಕು ನಾಲ್ಕಾಗಿ ಬೀಳುತ್ತಿತ್ತು. ನಾನು ಕಂಡೂ ಕಾಣದ ಹಾಗೆ ಇದ್ದೆ. ಅವತ್ತು ಸಾಲು ಚಿಕ್ಕದಿತ್ತು, ದರ್ಶನ ಹತ್ತೇ ನಿಮಿಷಕ್ಕೆ ಆಯಿತು. ಅದನ್ನೇ ವಿಶ್ವನಾಥನ ಒಪ್ಪಿಗೆ ಎಂದುಕೊಂಡೆ.

ಈ ಹಾಡುಗಾರನ ಜ್ವರ ಮನೆಯೊಳಗೇ ನಿಲ್ಲಲಿಲ್ಲ. ಕೇದಾರ ಘಾಟಿನ ಮೆಟ್ಟಿಲಿನಲ್ಲಿ ನಮ್ಮ ಕಡೆಯ ಏಳೆಂಟು ಮುದುಕಿಯರು ಸಂಜೆ ಸೇರುತ್ತಾರೆ. ಹಾಸನದವರು, ಶಿರಸಿಯವರು, ಎಲ್ಲರೂ ಕಾಶಿಯಲ್ಲಿ ದೇಹ ಬಿಡಬೇಕೆಂದು ಬಂದವರು. ಮೊದಲೆಲ್ಲ ಅಲ್ಲಿ ಮಾತೆಂದರೆ ಮಂಡಿನೋವು, ಮಣಿಕರ್ಣಿಕೆ. ದೊಡ್ಡತ್ತೆ ವಿಷಯ ತೆಗೆದದ್ದೇ ತಡ, ಎರಡು ಪಕ್ಷಗಳಾದವು! ಪರ ನಾಲ್ಕು, ವಿರೋಧ ಮೂರು. ಒಬ್ಬರಿಗೆ ಕಿವಿಯೇ ಕೇಳದು, ಅವರು ಯಾವ ಪಕ್ಷ ಸೋಲುತ್ತಿದೆಯೋ ಅದಕ್ಕೆ.

"ಆ ಹುಡುಗ ಒಳ್ಳೇ ಮನೆಯೋನು ಕಣ್ರೀ," ಎಂದರು ಹಾಸನದವರು, "ತಾಯಿ ಕಾಲಿಗೆ ಬೀಳೋ ಫೋಟೊ ನೋಡಿದೆ."

"ಕಾಲಿಗೆ ಬಿದ್ದರೆ ಶ್ರುತಿ ಬರುತ್ತೇನ್ರೀ?" ಎಂದರು ದೊಡ್ಡತ್ತೆ.

ಶಿರಸಿಯವರಿಗೆ ಎಂಬತ್ತೊಂಬತ್ತು. ದಿನಾ ಗಂಗೆಗೆ ಕೈಮುಗಿದು "ಬೇಗ ಕರಕೊಳ್ಳೇ ತಾಯಿ," ಎನ್ನುತ್ತಿದ್ದವರು. ಅವರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: "ತಂಗೀ, ಅವನ ಹೊಸ ಹಾಡು ಯಾವಾಗ ಬರ್ತಡ?" ಬರುವ ತಿಂಗಳು ಎಂದೆ. "ಹಂಗಾರೆ ಅಷ್ಟರೊಳಗೆ ಎಂತೂ ಆಪದು ಬ್ಯಾಡ," ಎಂದು ಗಂಗೆಯ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು.

ಹೊಸ ಹಾಡು ಬಂತು! ದೇಶವೆಲ್ಲ ಹುಚ್ಚೆದ್ದಿತು. ಟಿವಿಯಲ್ಲಿ ದೊಡ್ಡ ದೊಡ್ಡವರು ಕೂತು ಇಂಥದ್ದು ಹಿಂದೆ ಬಂದಿರಲಿಲ್ಲ ಎಂದರು. ನನಗಂತೂ ಏನು ಹೇಳಲಿ, ಡಬ್ಬ ಬಡಿತ ಕಡಿಮೆ ಇತ್ತು, ಅಷ್ಟೇ ಗೊತ್ತಾದದ್ದು. ಅನ್ನು ನೆಲದ ಮೇಲೆ ಕಾಲು ನಿಲ್ಲಿಸದೆ ಓಡಾಡಿದಳು. ದೊಡ್ಡತ್ತೆ ಒಂದೇ ಸಂಜೆ ಆರು ಸಲ ಕೇಳಿ, ತಲೆ ಕೊಡವಿ ತೀರ್ಪು ಕೊಟ್ಟರು: "ಅಲ್ಲ."

"ಯಾಕೆ ಅಲ್ಲ? ಕಾರಣ ಹೇಳು!"

"ಅಲ್ಲ ಅಂದರೆ ಅಲ್ಲ."

"ಹಾಗಾದರೆ ಗೊತ್ತಿರುವವರನ್ನು ಕೇಳೋಣ. ಒಪ್ಪಿಗೆಯಾ?"

ದೊಡ್ಡತ್ತೆ ಯಾಕೋ ಎದ್ದು ದೇವರ ದೀಪದ ಬತ್ತಿ ಸರಿಮಾಡಲು ಹೋದರು. ಆದರೆ ಅನ್ನು ಕಾಯಲಿಲ್ಲ. ಅದೇ ವಾರ ಮಠದಲ್ಲಿ ಧಾರವಾಡದ ಕಡೆಯ ಒಬ್ಬ ನಿವೃತ್ತ ಸಂಗೀತದ ಮೇಷ್ಟ್ರು ತಂಗಿದ್ದರು. ಬಹಳ ಸಾತ್ವಿಕರು, ನಲವತ್ತು ವರ್ಷ ಪಾಠ ಹೇಳಿದವರು. ನಮ್ಮ ಮನೆಯವರೇ ಅವರನ್ನು ಊಟಕ್ಕೆ ಕರೆದುತಂದರು. ನಾನು ಹುಳಿ, ಕೋಸಂಬರಿ, ಗೋಧಿ ಹುಗ್ಗಿ ಮಾಡಿದ್ದೆ. ಅವರು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಅನ್ನು ಫೋನು ತಂದು ಎಲೆಯ ಪಕ್ಕದಲ್ಲೇ ಇಟ್ಟು ಹಾಡು ಹಾಕಿದಳು.

"ಮೇಷ್ಟ್ರೇ, ಇದು ಸಂಗೀತವೋ ಅಲ್ಲವೋ? ನಿಜ ಹೇಳಿ, ನೀವು ಕಾಶಿಯಲ್ಲಿ ಇದ್ದೀರಿ!"

ಮೇಷ್ಟ್ರು ತುತ್ತು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಒಂದು ನಿಮಿಷ. ಎರಡು ನಿಮಿಷ. ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದ ದೊಡ್ಡತ್ತೆ ಹಾಗೇ ನಿಂತಿದ್ದರು.

"ಯವ್ವಾ!" ಎಂದು ಮೇಷ್ಟ್ರು ಎಡಗೈಯಿಂದ ತೊಡೆ ತಟ್ಟಿದರು. "ಯಮನ್ ರಾಗ ಅದರೀ ಇದು! ಆ ತೀವ್ರ ಮಧ್ಯಮ ಹೆಂಗ ಹಿಡದಾನ ನೋಡ್ರಿ! ನಿಮ್ಮ ಕಡೆ ಕಲ್ಯಾಣಿ ಅಂತೀರಲ್ಲ ತಾಯಿ, ಅದ. ಯಾವ ಹುಡುಗರೀ ಇಂವ? ಛಲೋ ಹಾಡ್ಯಾನ!"

"ಗೆದ್ದೆ! ಗೆದ್ದೆ! ಜೀತ್ ಗಯೀ!" ಅನ್ನು ಕುಣಿದ ರಭಸಕ್ಕೆ ನೀರಿನ ಲೋಟ ಉರುಳಿತು. ನಮ್ಮ ಮನೆಯವರು ನಕ್ಕರು, ನಾನೂ ನಕ್ಕೆ. ದೊಡ್ಡತ್ತೆ ತುಪ್ಪದ ಮಿಳ್ಳೆಯನ್ನು ಮೆತ್ತಗೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಮೆಟ್ಟಿಲು ಇಳಿದು ಹೋದರು. ಮಧ್ಯಾಹ್ನ ಒಂದೂವರೆಯ ಬಿಸಿಲು. ಗಂಗೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಬಂದರು. ಭರಣಿ ತೆಗೆದು ಎರಡೂ ಕಿವಿಗೆ ಹತ್ತಿ ಹಾಕಿಕೊಂಡರು.

ಆಗ ಹೊಳೆಯಿತು ನನ್ನ ಮಂಡೆಗೆ! ಅದು ಸಂಗೀತವಲ್ಲದಿದ್ದರೆ ತಾನೇ ಅವರು ಕೇಳಬಹುದಾಗಿದ್ದದ್ದು? ಹುಡುಗಿ ಗೆದ್ದಳು, ಸರಿ. ಗೆದ್ದು ಮಾಡಿದ್ದೇನು? ಹತ್ತು ವರ್ಷದ ಮೇಲೆ ಅವರ ಕಿವಿಗೆ ಬಿದ್ದಿದ್ದ ಒಬ್ಬನೇ ಒಬ್ಬನ ಹಾಡನ್ನು ಕಿತ್ತುಕೊಂಡಳು! ನಾವೆಲ್ಲ ನಕ್ಕೆವು!

ಐದು ದಿನ ಮನೆಯಲ್ಲಿ ಸಪ್ಪಳವಿಲ್ಲ. ದೊಡ್ಡತ್ತೆ ಊಟಕ್ಕೆ ಕರೆದರೆ ಕೇಳುವುದಿಲ್ಲ, ತೋಳು ಮುಟ್ಟಿ ಕರೆಯಬೇಕು. ಮಂಚ ಖಾಲಿ. ಘಾಟಿನ ಸಭೆಗೂ ಹೋಗಲಿಲ್ಲ. ಶಿರಸಿಯವರು ಎರಡು ಸಲ ವಿಚಾರಿಸಿದರು. ಅನ್ನು ಮೊದಲ ದಿನ ಬೀಗಿದಳು, ಎರಡನೆಯ ದಿನ ಕಿಟಕಿಯ ಹತ್ತಿರ ಸುಮ್ಮನೆ ಸುಳಿದಾಡಿದಳು, ಮೂರನೆಯ ದಿನ ನನ್ನ ಹತ್ತಿರ ಬಂದು, "ಮಮ್ಮಿ, ಖಾನಾ ದೇ ದೋ," ಎಂದಳು. ಒಂದು ವರ್ಷ ಕೂಡಿಸಿಕೊಂಡ ಕನ್ನಡ ಮೂರು ದಿನಕ್ಕೆ ಹೋಯಿತೇ?

"ಅಜ್ಜಿ ಯಾಕೆ ಮಾತಾಡಲ್ಲ ಗೊತ್ತೇನೇ?" ಎಂದು ಕೂರಿಸಿಕೊಂಡು, ಆ ಗಂಗೆಯ ನೀರಿನಲ್ಲಿ ಅವರು ಬಿಟ್ಟದ್ದೇನು ಎನ್ನುವುದನ್ನು ಮೊದಲಿನಿಂದ ಹೇಳಿದೆ. ಅಜ್ಜಿಗೆ ಹಾಡೆಂದರೆ ತಲೆನೋವು, ಅದಕ್ಕೇ ಹತ್ತಿ ಎಂದುಕೊಂಡಿದ್ದಳಂತೆ ಹುಚ್ಚುಹುಡುಗಿ. ನಾಲ್ಕು ವರ್ಷದ ಮಗುವಾಗಿದ್ದಾಗ ಆದದ್ದು, ನಾನಾದರೂ ಯಾವತ್ತು ಬಿಡಿಸಿ ಹೇಳಿದ್ದೆ? ಕೇಳಿ ಎದ್ದುಹೋದಳು. ಅವತ್ತು ಫೋನನ್ನೇ ಮುಟ್ಟಲಿಲ್ಲ.

ಐದನೆಯ ದಿನ ಸಂಜೆ ಅವಳು ದೊಡ್ಡತ್ತೆಯ ಎದುರು ಹೋಗಿ ಕೂತು, ಅವರ ಒಂದು ಕಿವಿಯಿಂದ ಹತ್ತಿಯನ್ನು ತಾನೇ ತೆಗೆದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

"ಅಜ್ಜಿ, ಒಂದು ಮಾತು. ನಾನು ನಿನ್ನಿಂದ ಮುಚ್ಚಿಟ್ಟಿದ್ದೆ."

"ಏನೇ ಅದು?"

"ಅವನ ಸ್ವರ ಅವನದಲ್ಲ. ಮೆಷಿನ್ ಇರುತ್ತೆ. ಅವನು ತಪ್ಪು ಹಾಡ್ತಾನೆ, ಮೆಷಿನ್ ಸರಿ ಮಾಡುತ್ತೆ. ಎಲ್ಲರಿಗೂ ಗೊತ್ತು. ಮೇಷ್ಟ್ರು ಕೇಳಿದ್ದು ಮೆಷಿನ್ನಿನ ಯಮನ್. ಅವನು ಎದುರಿಗೆ ನಿಂತು ಹಾಡಿದರೆ ಬೇಸುರಾ... ಅಪಸ್ವರ. ನೀನು ಹೇಳಿದ್ದೇ ಸರಿ. ಅವನಿಗೆ ಅಷ್ಟು ಹೊಗಳಿಕೆ ಸಿಗಬಾರದು. ಅದು ಸಂಗೀತ ಅಲ್ಲ ಅಜ್ಜಿ. ನೀನು ಕೇಳಬಹುದು."

ಹೇಳುತ್ತ ಹೇಳುತ್ತ ಅವಳು ಕೈಯಲ್ಲಿದ್ದ ಹತ್ತಿಯುಂಡೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ನೀರಿನ ಬಾಟಲಿಯ ಮೇಲೂ ಅವನನ್ನು ಅಂಟಿಸಿಕೊಂಡವಳು! ಯಾರು ಎಷ್ಟು ಕೆಣಕಿದರೂ ಒಂದು ವರ್ಷ ಈ ಮಾತನ್ನು ಬಾಯಿಂದ ಬಿಟ್ಟುಕೊಟ್ಟಿರಲಿಲ್ಲ.

ದೊಡ್ಡತ್ತೆ ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದರು.

"ಸುಳ್ಳು ನ್ಯಾಯ ಹೇಳಬೇಡ. ಯಾರು ಸರಿಮಾಡಿದರೇನು, ಕಲ್ಯಾಣಿ ಕಲ್ಯಾಣಿಯೇ. ಹೋದ ವರ್ಷ ಮೊದಲನೇ ದಿನ ಹಾಕಿದೆಯಲ್ಲ, ಅದೂ ಅದೇ ರಾಗ. ನಾಲ್ಕನೇ ಸ್ವರಕ್ಕೇ ಗೊತ್ತಾಯ್ತು ನನಗೆ. ಒಂಬತ್ತು ವರ್ಷ ಕಲಿತವಳು, ಗೊತ್ತಾಗದೆ ಇರುತ್ತಾ?"

"ಗೊತ್ತಿತ್ತಾ? ಮತ್ತೆ ಯಾಕೆ ಅಲ್ಲ, ಅಲ್ಲ ಅಂತಿದ್ದೆ?"

ದೊಡ್ಡತ್ತೆ ಕಿಟಕಿಯ ಕಡೆ ತಿರುಗಿದರು. "ಹೌದು ಅಂದಿದ್ದರೆ ನೀನು ಗೆದ್ದೆ ಅಂತ ಎದ್ದು ಹೋಗ್ತಿದ್ದೆ. ಮಾರನೇ ದಿನ ಯಾಕೆ ಬರ್ತಿದ್ದೆ? ಅದಕ್ಕೆ ಮುಂಚೆ ಬರ್ತಿದ್ದೆಯಾ? ಹತ್ತು ವರ್ಷ ಒಂದೇ ಮನೇಲಿದ್ವಿ, ನೀನು ನನ್ನ ಹತ್ತಿರ ಆಡಿದ್ದು 'ಬಂದೆ', 'ಬೇಡ', ಎರಡೇ ಮಾತು. ನಾನು ವಿಶ್ವನಾಥನಿಗೆ ದಿನಾ ಬೆಳಿಗ್ಗೆ ತಪ್ಪಾಯ್ತು ಅಂತಿದ್ದೆ, ಸಂಜೆ ಮತ್ತೆ ಅದೇ ತಪ್ಪು ಮಾಡ್ತಿದ್ದೆ. ಆ ಮೇಷ್ಟ್ರು ನಾಲ್ಕು ಜನರೆದುರು ರಾಗದ ಹೆಸರು ಹೇಳಿಬಿಟ್ಟರು. ಹೆಸರು ಹೇಳಿದ ಮೇಲೆ ಇನ್ನು ಕೇಳೋ ಹಾಗಿಲ್ಲ, ಮಗಳೇ. ಬಿಟ್ಟದ್ದು ಬಿಟ್ಟದ್ದೇ."

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಅನ್ನು ಫೋನಿನ ಗುಂಡಿ ಒತ್ತಿ ಪೂರ್ತಿ ಆರಿಸಿ, ಬೋರಲು ಹಾಕಿ, ಮಂಚದ ಮೇಲೆ ಕಾಲು ಮಡಚಿ ಕೂತಳು.

"ಹಾಡು ಕೇಳಿಸೋದಿಲ್ಲ ಅಜ್ಜಿ. ಹೇಗಿದೆ ಅಂತ ಹೇಳ್ತೀನಿ. ಹೇಳಿದರೆ ವ್ರತ ಹೋಗುತ್ತಾ?"

ದೊಡ್ಡತ್ತೆ ಯೋಚಿಸಿದರು. "ಹೇಳಿದರೆ... ಮಾತು ಬರೀ ಮಾತೇ. ಅದನ್ನು ಬಿಟ್ಟಿಲ್ಲ."

"ಹಾಗಾದರೆ ಅವನ ಇನ್ನೊಂದು ಹಾಡಿದೆ, ನೀನು ಕೇಳಿಲ್ಲ. ಮೊದಲು ಏನೂ ಇರಲ್ಲ. ಖಾಲಿ. ಆಮೇಲೆ ಟಪ್... ಟಪ್... ನಲ್ಲಿ ಬಂದ್ ಮಾಡಿದ ಮೇಲೂ ನೀರು ಬೀಳುತ್ತಲ್ಲ, ಅದಕ್ಕೆ ಏನಂತಾರೆ?"

"ತೊಟ್ಟಿಕ್ಕೋದು."

"ಹಾಂ, ತೊಟ್ಟ... ತೊಟ್ಟಿಕ್ಕುತ್ತೆ. ಆಮೇಲೆ ಅವನು ಬರ್ತಾನೆ, ಮೇಲಿಂದ ಕೆಳಗೆ. ನಡೆದುಕೊಂಡು ಅಲ್ಲ. ಘಾಟಿನ ಮೆಟ್ಟಿಲಲ್ಲಿ ಹಸಿರು ಇರುತ್ತಲ್ಲ, ಅದರ ಮೇಲೆ ಕಾಲಿಟ್ಟರೆ ಆಗುತ್ತಲ್ಲ..."

"ಪಾಚಿ. ಜಾರುತ್ತೆ."

"ಜಾರ್ತಾನೆ. ಆದರೆ ಬೀಳಲ್ಲ."

ಒಲೆಯ ಮೇಲೆ ಕುಕ್ಕರು ಬುಸುಗುಡಲು ಶುರುವಾಗಿತ್ತು. ಈಗ ಸೀಟಿ ಹೊಡೆದೀತೆಂದು ನಾನು ಓಡಿಹೋಗಿ ಉರಿ ಆರಿಸಿದೆ. ತಿರುಗಿ ನೋಡಿದರೆ ದೊಡ್ಡತ್ತೆ ಕಣ್ಣು ಮುಚ್ಚಿದ್ದರು, ಮುಖವನ್ನು ಹುಡುಗಿಯ ಕಡೆ ವಾಲಿಸಿದ್ದರು.

"ಬೀಳೋದಿಲ್ವಾ?"

"ಇಲ್ಲ ಅಜ್ಜಿ."

"ಹೂಂ. ಆಮೇಲೆ?"